ಕಾಯುವುದಕ್ಕೆ ಇಂಗ್ಲಿಷಿನಲ್ಲಿ

ಬಿಳಿ ಡಾಕ್ಟರು ಮಸಗುಪ್ಪಿಯ ಚಾವಡಿಯ ಮುಂದೆ ಪ್ಲೇಗಿನ ಸೂಜಿ ಚುಚ್ಚಲು ಮೇಜು ಹಾಕಿಸಿದ ದಿನ, ಊರಿನ ಹೆಂಗಸರು ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಸಾಲಾಗಿ ನಿಂತಿದ್ದರು. ಮೂಡಲಗಿಯಲ್ಲಿ ಇಲಿ ಬೀಳತೊಡಗಿವೆ ಎಂಬ ಸುದ್ದಿ ಬಂದಿತ್ತು. ಇಲಿ ಬಿದ್ದ ಮನೆಯಲ್ಲಿ ಆಮೇಲೆ ಮನುಷ್ಯರು ಬೀಳುತ್ತಾರೆ ಎಂಬುದು ಆ ಪ್ಲೇಗಿನ ವರ್ಷಗಳಲ್ಲಿ ಮಕ್ಕಳಿಗೂ ಗೊತ್ತಿತ್ತು.

ಮಾಯವ್ವನ ಸರದಿ ಬಂತು. ಡಾಕ್ಟರ ಪಕ್ಕದಲ್ಲಿದ್ದ ಕಂಪೌಂಡರ ಅವಳ ತೋಳು ಹಿಡಿದು, ಸೂಜಿಯ ಮೇಲೇ ಕಣ್ಣಿಟ್ಟು, "ವೇಟ್" ಅಂದ.

"ಏಟ?" ಎಂದಳು ಮಾಯವ್ವ. "ಎಷ್ಟು ಕೊಡಬೇಕ್ರಿ? ನಾವು ರೊಕ್ಕಾ ತಂದಿಲ್ಲ."

ಅವನು ತಲೆ ಎತ್ತಿದ. ನಗು ಮೀಸೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. "ರೊಕ್ಕಾ ಬ್ಯಾಡ. ತಡಿ ಅಂದೆ ನಾ."

ಹಿಂದೆ ನಿಂತಿದ್ದ ಅವಳ ತಾಯಿ ಕೆಂಚವ್ವ ಆ ಮುಖ ನೋಡಿದವಳೇ, "ಅಯ್ಯ ನಮ್ಮವ್ವ! ಅಳಿಯಾರು!" ಎಂದು ಮಗಳ ತಲೆಯ ಮೇಲೆ ಸೆರಗೆಳೆದಳು. ಮುಖ ಮುಚ್ಚಿತು, ತೋಳು ಮಾತ್ರ ಅವನ ಕೈಯಲ್ಲೇ ಉಳಿಯಿತು. ಸೂಜಿ ಚುಚ್ಚಿದ್ದು ಮಾಯವ್ವನಿಗೆ ಗೊತ್ತೇ ಆಗಲಿಲ್ಲ.

ಮದುವೆಯಾದಾಗ ಅವಳು ಇನ್ನೂ ಹುಡುಗಿ, ಅಕ್ಷತೆಯನ್ನೇ ಆರಿಸಿ ತಿನ್ನುತ್ತ ಕೂತಿದ್ದವಳು. ಆಮೇಲೆ ಗಂಡ ಶಿದ್ರಾಮನ ತಂದೆ ಅರ್ಧ ಹಿಂಡು ಮಾರಿ ಮಗನನ್ನು ಬೆಳಗಾವಿಯ ಸಾಲೆಗೆ ಹಾಕಿದ. ಕುರುಬರ ಹುಡುಗ ಇಂಗ್ಲಿಷು ಕಲಿತು ಹುಕ್ಕೇರಿಯ ದವಾಖಾನೆಯಲ್ಲಿ ಕಂಪೌಂಡರನಾದ. ಮುಂದಿನ ಸುಗ್ಗಿಗೆ ಕರೆದೊಯ್ಯುತ್ತೇವೆ ಎಂದು ಅತ್ತೆಯ ಮನೆಯವರು ಹೇಳುತ್ತಲೇ ಬಂದರು. ಒಂದು ಸುಗ್ಗಿಗೆ ಮಾವ ತೀರಿಕೊಂಡ, ಇನ್ನೊಂದಕ್ಕೆ ಪ್ಲೇಗು ಬಂತು. ಮಾಯವ್ವನಿಗೆ ಹದಿನೆಂಟು ತುಂಬಿದರೂ ಗಂಡನ ಮುಖದ ಗುರುತು ಇರಲಿಲ್ಲ.

ಮೂರನೆಯ ದಿನ ಸಂಜೆ, ತೋಳು ಬಾತಿದೆಯೇ ನೋಡಬೇಕು ಎಂಬ ನೆಪ ಮಾಡಿಕೊಂಡು ಅವನು ಮನೆಗೆ ಬಂದ. ಕೆಂಚವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಂಗಳದಲ್ಲಿ ಅವರಿಬ್ಬರ ನಡುವೆ ಕುಡಿಯುವ ನೀರಿನ ತಂಬಿಗೆಯೊಂದೇ ಇತ್ತು.

"ಅವತ್ತ ನೀವು ಅಂದದ್ದು ಏನ್ರಿ ಅದು?"

"ವೇಟ್. ಕಾಯೋದು."

"ಕುರಿ ಕಾಯೋದಾ?"

"ಅದಕ್ಕ ಟೆಂಡ್ ಅಂತಾರ."

"ಹೊಲಾ ಕಾಯೋದು?"

"ಗಾರ್ಡ್. ಇಲ್ಲಾ ವಾಚ್."

"ಒಲಿ ಮ್ಯಾಲ ನೀರು ಕಾಯ್ತಾವಲ್ರಿ?"

"ಅದಕ್ಕ ಬ್ಯಾರೇನ ಐತಿ."

ಮಾಯವ್ವ ಮಂಡಿಯ ಮೇಲೆ ಗಲ್ಲ ಊರಿದಳು. "ನಮ್ಮದೊಂದ ಮಾತಿಗೆ ಅವ್ರು ಏಸು ಮಾತು ಮಾಡ್ಕೊಂಡಾರ್ರಿ! ಹಂಗಾರ ವೇಟ್ ಯಾವ ಕಾಯೋದು?"

"ಹಾದಿ ಕಾಯೋದು. ಯಾರದರ ಹಾದಿ ಕಾಯಾಕತ್ತಿದ್ರ ಫಾರ್ ಹಚ್ಚಬೇಕು, ವೇಟ್ ಫಾರ್. ಅವೇಟ್ ಅಂದ್ರ ಫಾರ್ ಬ್ಯಾಡ. ಅದು ಕಾಗದದಾಗ ಬರಿಯೋ ಮಾತು." ತಂಬಿಗೆಯ ಅಂಚಿನಲ್ಲಿ ಬೆರಳಾಡಿಸುತ್ತ ಅವನು ಮುಂದುವರಿಸಿದ. "ಎಕ್ಸ್‌ಪೆಕ್ಟ್ ಅಂತ ಇನ್ನೊಂದೈತಿ. ಬಂದ ಬರ್ತಾರ ಅಂತ ನಂಬಿ ಕಾಯೋದು. ವೇಟ್‌ನ್ಯಾಗ ಆ ನಂಬಿಕಿ ಇರಬೇಕಂತೇನೂ ಇಲ್ಲ."

"ಇಷ್ಟ ವರ್ಷ ನಾ ಮಾಡಿದ್ದು ಯಾವ್ದ್ರಿ?"

ಅವನು ಕಣ್ಣೆತ್ತಿದ. ಅವಳೂ ಕಣ್ಣು ತಗ್ಗಿಸಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಅದನ್ನ ನೀನ ಹೇಳಬೇಕು," ಎಂದ ಶಿದ್ರಾಮ ಮೆಲ್ಲಗೆ.

ಅವಳು ಬಾಯಿ ತೆರೆಯುವಷ್ಟರಲ್ಲಿ ಸೂರಿನಂಚಿನ ಜಂತಿಯಿಂದ ಅಂಗಳಕ್ಕೆ ಏನೋ ಮೆತ್ತಗೆ ಬಿತ್ತು. ಇಲಿ. ದೀಪದ ಹುಳದ ಹಾಗೆ ಗಿರಗಿರನೆ ಎರಡು ಸುತ್ತು ತಿರುಗಿ, ಕಾಲು ಚಾಚಿತು.

ಶಿದ್ರಾಮನ ಮುಖದಲ್ಲಿ ಆಗ ಕಂಡ ಭಯವನ್ನು ಮಾಯವ್ವ ಮರೆಯಲಿಲ್ಲ. "ಯಾರೂ ಮುಟ್ಟಬ್ಯಾಡ್ರಿ," ಎಂದವನು ಚಿಮಣಿ ಎಣ್ಣೆ ಸುರಿದು ಅದನ್ನು ಅಲ್ಲೇ ಸುಟ್ಟ. ಹೊತ್ತು ಮುಳುಗುವ ಮೊದಲೇ ತಾಯಿ-ಮಗಳಿಬ್ಬರನ್ನೂ ಊರ ಹೊರಗಿನ ಹೊಲಕ್ಕೆ ಕರೆದೊಯ್ದು, ಜೋಳದ ದಂಟಿನ ಗುಡಿಸಲು ಹಾಕಿಸಿದ. ಮರುದಿನ ಇಡೀ ಊರೇ ಹೊಲಗಳಿಗೆ ಬಂತು.

ಮೂಡಲಗಿಗೆ ಹೊರಡುವಾಗ ಅವನು ಗುಡಿಸಲ ಬಾಗಿಲಿಗೆ ಬಂದ. "ಅಲ್ಲಿ ರೋಗಿಗಳಿಗೆ ಚಪ್ಪರ ಹಾಕ್ಯಾರ. ನಾ ಇರಬೇಕಾಗ್ತೈತಿ."

"ನೀವು ಸೂಜಿ ಹಾಕ್ಕೊಂಡೀರಿಲ್ಲ?"

"ಹಾಕ್ಕೊಂಡ ವರ್ಷ ದಾಟೇತಿ, ಅದರ ಜೋರು ಇಳದೈತಿ. ಹೆಚ್ಚಿನ ಔಷಧ ಬಂದಿಲ್ಲ. ಊರಾಗ ಕಾಲಿಡಬ್ಯಾಡ."

ಅವಳು ಅವನ ಅಂಗಿಯ ತೋಳನ್ನು ಹಿಡಿಯಲು ಕೈ ನೀಡಿ, ತಾಯಿ ನೋಡುತ್ತಿದ್ದಾಳೆಂದು ಹಿಂತೆಗೆದಳು.

ಆಮೇಲಿನ ದಿನಗಳಲ್ಲಿ ಮೂಡಲಗಿಯ ದಿಕ್ಕಿಗೆ ಹೊಗೆ ಏಳುತ್ತಲೇ ಇತ್ತು. ಖಾಲಿ ಊರಿನಲ್ಲಿ ಬಿಟ್ಟುಬಂದ ನಾಯಿಗಳು ಹಗಲಲ್ಲೇ ಊಳಿಡುತ್ತಿದ್ದವು. ಕಲ್ಲೋಳಿಯ ರಸ್ತೆಯಲ್ಲಿ ಬರುವ ಗಾಡಿಗಳ ಮೇಲೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಒಬ್ಬ ಗಾಡಿಯವನು ದೂರದಲ್ಲೇ ಎತ್ತು ನಿಲ್ಲಿಸಿ ಕೂಗಿದ: "ಕೆಂಚವ್ವಾ! ನಿನ್ನ ಅಳಿಯಗ ಪ್ಲೇಗಿನ ಗಂಟು ಎದ್ದೈತಿ!"

ಕೆಂಚವ್ವ ಎದೆ ಬಡಿದುಕೊಂಡಳು. ಮಾಯವ್ವ ಬುತ್ತಿ ಕಟ್ಟಿಕೊಂಡಳು.

"ಬ್ಯಾಡ ನನ್ನವ್ವ. ಅಲ್ಲಿಗೆ ಹೋದವ್ರು ತಿರುಗಿ ಬಂದಿಲ್ಲ."

"ಬರ್ತಾರ ಬರ್ತಾರ ಅಂತ ಕುಂತೆ, ಬರಲಿಲ್ಲ. ಬಂದ್ರು, ಹೋದ್ರು. ಇನ್ನ ನನ್ನ ಕೈಲೆ ಕುಂದ್ರಾಕ ಆಗಂಗಿಲ್ಲವ್ವ."

ಚಪ್ಪರದ ಸುತ್ತ ಮುಳ್ಳುಬೇಲಿ ಹಾಕಿದ್ದರು. ಡಾಕ್ಟರ ಜೊತೆಯಲ್ಲೇ ಇದ್ದು ಅಷ್ಟಿಷ್ಟು ಇಂಗ್ಲಿಷು ಕಲಿತಿದ್ದ ಕಾವಲಿನ ಮುದುಕ ಬೀರಸಿದ್ದಪ್ಪ ಕೋಲು ಅಡ್ಡ ಹಿಡಿದ. ಬಿಳಿ ಡಾಕ್ಟರು ಬೇಲಿಯಾಚೆಯಿಂದ ಅವಳನ್ನು ನೋಡಿ ಕೈಯೆತ್ತಿ, "ವೇಟ್" ಎಂದರು. ಆ ಮಾತು ಅವಳಿಗೆ ತಿಳಿಯಿತು. ಡಾಕ್ಟರು ಬೀರಸಿದ್ದಪ್ಪನತ್ತ ತಿರುಗಿ ಬೇಸರದ ದನಿಯಲ್ಲಿ ಇನ್ನೇನೋ ಹೇಳಿದರು. ಅದರಲ್ಲಿ ಅದೇ ಮಾತು ಮತ್ತೆ ಬಂತು, ಆದರೆ ಅದರ ಬಾಲ ಬೇರೆಯಾಗಿತ್ತು.

"ಈಗ ವೇಟ್ ಆನ್ ಅಂದ್ರಲ್ಲ, ಏನ್ ಕಾಕಾ ಅದು?"

"ಆರೈಕಿ ಮಾಡೋದವ್ವ. ಕಂಪೌಂಡರ ಬಿದ್ದಾನ, ಅಂವನ ಆರೈಕಿ ಯಾರು ಮಾಡವ್ರು ಅಂತ ಕೇಳಾಕತ್ತಾರ. ಇದ್ದ ಆಳು ಓಡಿಹೋದ್ರು."

ಮಾಯವ್ವ ಬೇಲಿಗೆ ಎದೆ ತಾಗುವಷ್ಟು ಮುಂದೆ ಬಂದಳು. "ನಾ," ಎಂದಳು. ಡಾಕ್ಟರಿಗೆ ಕನ್ನಡ ಬಾರದೆಂದು ನೆನಪಾಗಿ, ತೋಳೇರಿಸಿ ಸೂಜಿಯ ಕಲೆ ತೋರಿಸಿ, ತನ್ನೆದೆ ಮುಟ್ಟಿಕೊಂಡು, "ವೇಟ್ ಆನ್. ನಾ," ಎಂದಳು. ಡಾಕ್ಟರು ಕಲೆಯನ್ನು ನೋಡಿ, ಒಳಗೆ ಬಿಡುವಂತೆ ಕೈಸನ್ನೆ ಮಾಡಿದರು. ಬೀರಸಿದ್ದಪ್ಪ ಕೋಲು ತೆಗೆದ.

ಒಳಗೆ ಶಿದ್ರಾಮನ ಕಣ್ಣು ಕೆಂಡವಾಗಿದ್ದವು. ಅವನಿಗೆ ಅವಳ ಗುರುತು ಹತ್ತಲಿಲ್ಲ. ಅವಳು ತುಟಿಗೆ ನೀರು ಹನಿಸಿದಳು, ಕಂಕುಳಿನ ಗಂಟಿಗೆ ಶಾಖ ಕೊಟ್ಟಳು, ಒದ್ದೆ ಬಟ್ಟೆ ಬದಲಿಸಿದಳು. ಸಣ್ಣ ಹುಡುಗನಾಗಿದ್ದಾಗಿನ ಕುರಿಗಳ ಹೆಸರು ಹಿಡಿದು ಅವನು ಕೂಗುತ್ತಿದ್ದ. ಎಡಕ್ಕೆ ಮಲಗಿದ್ದವನ ಹಾಸಿಗೆ ಖಾಲಿಯಾಯಿತು, ಬಲಕ್ಕೆ ಮಲಗಿದ್ದವಳದೂ ಖಾಲಿಯಾಯಿತು.

ಒಂದು ಮಧ್ಯಾಹ್ನ ಅವಳು ನೀರು ತರುವಷ್ಟರಲ್ಲಿ ಅವನು ಎದ್ದು ಹೊರಟಿದ್ದ. ಸನ್ನಿ ಹಿಡಿದವರು ಹಾಗೆ ಎದ್ದು ನಡೆದು, ಬಿದ್ದಲ್ಲೇ ಜೀವ ಬಿಡುವುದನ್ನು ಅವಳು ಕಂಡಿದ್ದಳು. ಬೇಲಿಯ ಸಂದಿನಿಂದ ಆಚೆ ದಾಟಿ, ಬಿಸಿಲಲ್ಲಿ ತೂರಾಡುತ್ತ, ಹೆಣ ಸುಡುವ ಗುಂಡಿಯ ಕಡೆಗೇ ನಡೆಯುತ್ತಿದ್ದ.

"ರೀ!" ಎಂದಳು. "ಇತ್ತಾಗ ಬರ್ರೀ!" ಅವನು ತಿರುಗಲಿಲ್ಲ. ಕೊಡ ಕೈಜಾರಿತು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರಬಾರದು, ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೇಳಿಯೇ ಅವಳನ್ನು ಬೆಳೆಸಿದ್ದರು. ಒಂದು ಉಸಿರಿನಷ್ಟು ಹೊತ್ತು ಮಾಯವ್ವ ಹೆದರಿದಳು.

"ಶಿದ್ರಾಮಾ!"

ಅವನು ನಿಂತ. ತಿರುಗಿದ. ಅವಳು ಓಡಿಹೋಗಿ ಬೀಳುವವನನ್ನು ಎದೆಗೆ ಆನಿಸಿಕೊಂಡಳು.

ಅಂದು ಸಂಜೆ ಗಂಟು ಒಡೆದು ಕೀವು ಹರಿಯಿತು. "ಒಡೆದದ್ದ ಪಾಡಾತು. ಉಳದ," ಎಂದ ಬೀರಸಿದ್ದಪ್ಪ. ಎರಡು ದಿನದ ಮೇಲೆ ಶಿದ್ರಾಮ ಕಣ್ಣು ತೆರೆದು ಅವಳನ್ನು ಅವಳೆಂದೇ ನೋಡಿದ. ಹೊರಗೆ ಮತ್ತೊಂದು ಗಾಡಿ ಬಂದು ನಿಂತ ಸದ್ದಾಯಿತು. ಯಾರೋ ಅಳತೊಡಗಿದರು.

"ಯಾರೋ ನನ್ನ ಹೆಸರು ಹಿಡದ ಕರದ್ರು," ಎಂದ ಕ್ಷೀಣವಾಗಿ. "ಹೆಣ್ಣದನಿ."

"ಯಾರಿದ್ದಾರ್ರಿ, ನಂಗ ಗೊತ್ತಿಲ್ಲ."

"ಗೊತ್ತಿಲ್ಲ?"

ಮಾಯವ್ವ ತಲೆ ಅಲ್ಲಾಡಿಸಿದಳು. ಅವಳ ಕಿವಿ ಕೆಂಪಗಾಗಿತ್ತು. ಅವನ ಬೆರಳು ತಡವರಿಸಿ ಬಂದು ಅವಳ ಬಳೆಯನ್ನು ಹಿಡಿಯಿತು.

"ಇನ್ನೊಮ್ಮಿ ಕರದ್ರ ಗುರುತು ಹಿಡೀತೇನಿ."

ಅವಳು ಅತ್ತ ಇತ್ತ ನೋಡಿ, ಬಾಗಿ, ಅವನ ಕಿವಿಯಲ್ಲಿ ಅವನ ಹೆಸರು ಹೇಳಿದಳು.