ಹೊಂಗೆ ಮರದ ಕೆಳಗಿನ ಟೀ

ತನ್ನ ಜಾಗದಲ್ಲಿ ಬೇರೊಬ್ಬಳು ಕುಳಿತಿದ್ದಳು!

ಶೋಭಾರಾಣಿ ಗೇಟಿನ ಬಳಿಯೇ ನಿಂತುಬಿಟ್ಟಳು. ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಎಡತುದಿ ಅವಳದು. ಯಾರೂ ಬರೆದುಕೊಟ್ಟಿರಲಿಲ್ಲ ನಿಜ, ಆದರೆ ಹೊಸದುರ್ಗದ ಆ ತೆಂಗಿನ ನಾರಿನ ಕಾರ್ಖಾನೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಈಗ ಅಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸು, ಇಸ್ತ್ರಿ ಮಾಡಿದ ಕಾಟನ್ ಸೀರೆ. ಪಕ್ಕದಲ್ಲಿ ಜುಂಜೇಶ್. ಅವಳ ಕೈಗೆ ಟೀ ಲೋಟ ಕೊಡುತ್ತಾ ನಗುತ್ತಿದ್ದ.

ಅದು ನನ್ನ ಲೋಟ!

"ಬರ್ರಿ ಶೋಭಾ ಮೇಡಂ," ಅಂದ ಅವನು. "ಇವ್ರು ಉಷಾ ಮೇಡಂ. ಚಿತ್ರದುರ್ಗದಾಗೆ ಮ್ಯಾನೇಜ್‌ಮೆಂಟ್ ಪಾಠ ಮಾಡ್ತಾರೆ. ನಮ್ಮ ಕಂಪನಿ ಹೆಂಗ್ ನಡೀತೈತೆ ಅಂತ ನೋಡಾಕೆ ಬಂದಾರೆ."

ಶೋಭಾ ನಿಂತೇ ನಮಸ್ಕಾರ ಮಾಡಿದಳು. ಬಲತುದಿಯಲ್ಲಿ ಜಾಗವಿತ್ತು. ಕುಳಿತುಕೊಳ್ಳಲಿಲ್ಲ.

ಮಾಲೀಕರಾದ ಫಜಲುಲ್ಲಾ ಸಾಹೇಬರು ಹೊಳಲ್ಕೆರೆಯಲ್ಲಿ ಇನ್ನೊಂದು ಕಾರ್ಖಾನೆ ತೆರೆಯುವವರಿದ್ದರು. ಅದಕ್ಕೆ ಮೊದಲು ಇರುವ ಕಂಪನಿಯ ಹುಳುಕು ಏನು, ಯಾರ ಮಾತು ಯಾರಿಗೆ ಹೇಗೆ ತಲುಪುತ್ತದೆ ಎಂದು ಹೊರಗಿನವರೊಬ್ಬರು ನೋಡಿ ಹೇಳಲಿ ಎಂಬುದು ಅವರ ಆಸೆ.

ಸಾಹೇಬರದು ಎರಡು ನಿಯಮ. ಶೆಡ್ಡಿನೊಳಗೆ ಮೊಬೈಲು ಒಯ್ಯುವಂತಿಲ್ಲ, ಗಂಡ ಹೆಂಡತಿ ಒಂದೇ ಕಾರ್ಖಾನೆಯಲ್ಲಿ ಇರುವಂತಿಲ್ಲ. ನಾರಿನ ಧೂಳಿಗೆ ಕಿಡಿ ತಾಗಿದರೆ ಎಲ್ಲ ಬೂದಿ, ಮನೆ ಜಗಳ ಮೆಷಿನ್ ತನಕ ಬಂದರೂ ಬೂದಿಯೇ ಎನ್ನುತ್ತಿದ್ದರು. ಹಿಂದೊಮ್ಮೆ ಒಂದು ಜೋಡಿ ಮುನಿಸಿಕೊಂಡು ಇಡೀ ಶೆಡ್ಡನ್ನೇ ಎರಡು ಬಣ ಮಾಡಿತ್ತಂತೆ.

ಶೋಭಾ ಆರ್ಡರ್ ಹಿಡಿಯುವವಳು, ಜುಂಜೇಶ್ ಮಾಲು ಮಾಡಿಸುವವನು. ಮೊಬೈಲು ಗೇಟಿನ ಡಬ್ಬಿಯಲ್ಲಿ ಬಿಡಬೇಕಾದ್ದರಿಂದ ಬೆಳಗಿನ ಟೀ ಹೊತ್ತಿಗೆ ಅವಳು ಬಾಯಿಬಿಟ್ಟು ಹೇಳಬೇಕು, ಅವನು ಕೇಳಿಸಿಕೊಂಡು ಒಳಗೆ ಹೋಗಬೇಕು. ಅದೇ ಆ ಕಂಪನಿಯ ಆಡಳಿತ! ಮಾತು ಮುಗಿಯುವಷ್ಟರಲ್ಲಿ ಟೀ ಆರಿರುತ್ತಿತ್ತು. ಆರಿದ ಟೀಯನ್ನೂ ಇಬ್ಬರೂ ನಿಧಾನವಾಗಿ ಕುಡಿಯುತ್ತಿದ್ದರು. ಪ್ರೀತಿ ಎಂಬ ಮಾತನ್ನು ಯಾರೂ ಆಡಿರಲಿಲ್ಲ. ಆಡುವ ಅಗತ್ಯವೇನಿದೆ ಎಂದುಕೊಂಡಿದ್ದಳು ನಮ್ಮ ಜಾಣೆ.

ಈಗ ಅಗತ್ಯ ಕಾಣಿಸತೊಡಗಿತು...

ಉಷಾ ದಿನಾ ಬರುತ್ತಿದ್ದಳು. ಎಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದಳು. ಶೋಭಾಳೊಂದಿಗಿನ ಮಾತು ಬೇಗ ಮುಗಿಯಿತು. ಜುಂಜೇಶನದು ಮುಗಿಯುತ್ತಲೇ ಇರಲಿಲ್ಲ! ಶೋಭಾ ಹತ್ತಿರ ಬಂದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ನಾರು ಮೆತ್ತಿದ ಅಂಗಿಯಲ್ಲೇ ಓಡಾಡುತ್ತಿದ್ದವನು ಈಗ ತಲೆ ಬಾಚಿಕೊಂಡು ಬರುತ್ತಿದ್ದ. ಒಂದು ದಿನ ಹೊಸ ಜಾಗ ತೋರಿಸಲೆಂದು ಉಷಾಳನ್ನು ಬೈಕಿನಲ್ಲಿ ಹೊಳಲ್ಕೆರೆಗೂ ಕರೆದೊಯ್ದ.

ನನ್ನನ್ನು ಬಸ್‌ಸ್ಟ್ಯಾಂಡಿನ ತನಕವೂ ಬಿಟ್ಟವನಲ್ಲ...

ಅವಳಿಗೆ ಅನ್ನ ಸೇರಲಿಲ್ಲ. ಇದು ಹೊಟ್ಟೆಕಿಚ್ಚೇ ಎಂದು ತನಗೆ ತಾನೇ ಒಪ್ಪಿಕೊಂಡಳು. ಒಪ್ಪಿಕೊಂಡರೆ ಕಡಿಮೆಯಾಗುತ್ತದೆಯೇ? ಇನ್ನೂ ಜಾಸ್ತಿಯಾಯಿತು. ನಾರು ಒಣಗಿಸುವ ತಿಪ್ಪಕ್ಕ ಅವಳ ಮುಖ ನೋಡಿ ನಕ್ಕಳು.

"ಏನವ್ವ, ಹೊಟ್ಟೆಕಿಚ್ಚೂ ಶೆಡ್ಡಿನೊಳಗೆ ತರಂಗಿಲ್ಲ ಅಂತ ಇನ್ನೊಂದು ಬೋರ್ಡ್ ಹಾಕ್ಸಾಣ?"

ಮಾರನೇ ದಿನದಿಂದ ಶೋಭಾ ಟೀಗೆ ಹೋಗುವುದನ್ನೇ ಬಿಟ್ಟಳು. ಆರ್ಡರುಗಳನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸತೊಡಗಿದಳು. ದೊಡ್ಡ ಕಂಪನಿಗಳಲ್ಲಿ ಹೀಗೇ ತಾನೆ? ಅವನ ಮೊಬೈಲು ಡಬ್ಬಿಯಲ್ಲಿ ಬಿದ್ದಿರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆಯಾದರೂ ಬಂದು, ಶೋಭಾ ಏನಾಯ್ತು ಎಂದು ಕೇಳಲಿ ಎಂಬ ಹಠ.

ಅವನು ಆಫೀಸಿನ ಬಾಗಿಲ ತನಕ ಬಂದ. ಅವಳು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಹಾಗೇ ಹಿಂದಿರುಗಿದ.

ಅಷ್ಟರಲ್ಲಿ ಅನಾಹುತವಾಯಿತು. ಹಿರಿಯೂರಿನ ರಂಗಸ್ವಾಮಿಯವರ ನರ್ಸರಿಗೆ ಸಸಿ ಬೆಳೆಸಲು ತೊಳೆದ ನಾರುಪುಡಿ ಹೋಗಬೇಕಿತ್ತು. ತೊಳೆಯದ ಪುಡಿಯಲ್ಲಿ ಉಪ್ಪಿರುತ್ತದೆ, ಎಳೆ ಸಸಿ ಸುಟ್ಟುಹೋಗುತ್ತದೆ. ಅವಳ ಮೆಸೇಜು ಸಂಜೆ ತನಕ ಡಬ್ಬಿಯಲ್ಲೇ ಉಳಿಯಿತು, ಅಷ್ಟರಲ್ಲಿ ತೊಳೆಯದ ಪುಡಿ ಲಾರಿ ಹತ್ತಿತು. ರಂಗಸ್ವಾಮಿ ಪುಡಿಯನ್ನು ನೀರಿಗೆ ಹಾಕಿ ಉಪ್ಪಿನಂಶ ನೋಡಿ ಇಡೀ ಲೋಡನ್ನು ವಾಪಸ್ ಕಳಿಸಿದರು.

ಸಾಹೇಬರು ಎಲ್ಲರನ್ನೂ ಆಫೀಸಿಗೆ ಕರೆದರು. ಶೋಭಾ ಬಾಯಿ ತೆರೆಯುವ ಮೊದಲೇ ಜುಂಜೇಶ್ ಎದ್ದು ನಿಂತ. ತಪ್ಪು ತನ್ನದು, ತಾನೇ ಹೋಗಿ ಕೇಳಬೇಕಿತ್ತು ಎಂದ. ಅವಳಿಗೆ ಚುಚ್ಚಿದಂತಾಯಿತು. ಇಲ್ಲ, ಮೊಬೈಲು ಅವರ ಕೈಯಲ್ಲಿರುವುದಿಲ್ಲ ಎಂದು ಗೊತ್ತಿದ್ದೂ ಬಾಯಲ್ಲಿ ಹೇಳದವಳು ನಾನೇ ಎಂದು ಒಪ್ಪಿಕೊಂಡಳು.

ಆಗ ಉಷಾ ಮಾತು ಶುರುಮಾಡಿದಳು. ಸಿಟ್ಟಾಗಿರಲಿಲ್ಲ.

"ಸಾಹೇಬರೇ, ನಿಮ್ಮ ಕಂಪನಿಗೆ ವ್ಯವಸ್ಥೆ ಅಂತ ಏನೂ ಇಲ್ಲ. ಇಬ್ಬರು ಕೂತು ಟೀ ಕುಡೀತಾರೆ, ಅಷ್ಟೇ. ಅವರು ಮಾತಾಡಿದ್ರೆ ಕಾರ್ಖಾನೆ ಓಡುತ್ತೆ, ಮಾತು ಬಿಟ್ರೆ ನಿಲ್ಲುತ್ತೆ. ನಾನು ಹುಡುಕ್ತಿದ್ದ ತೊಂದರೆ ಇದೇ."

ತಿಪ್ಪಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಶೋಭಾಳ ಕಿವಿ ಬಿಸಿಯಾಯಿತು.

ಉಷಾ ಮುಂದುವರಿಸಿದಳು. ಇನ್ನು ಮೇಲೆ ದಿನದ ಆರ್ಡರುಗಳನ್ನು ಶೆಡ್ಡಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಇಬ್ಬರಲ್ಲಿ ಒಬ್ಬರು ಹೊಳಲ್ಕೆರೆಯನ್ನು ನೋಡಿಕೊಳ್ಳಬೇಕು. ಜುಂಜೇಶ್ ತಾನಾಗಿಯೇ ಹೋಗುತ್ತೇನೆಂದು ಕೇಳಿಕೊಂಡಿದ್ದಾನೆ.

ತಾನಾಗಿಯೇ!

ಉಷಾಳ ಹುಟ್ಟೂರು ಹೊಳಲ್ಕೆರೆ ಎಂದು ತಿಪ್ಪಕ್ಕ ಎಂದೋ ಹೇಳಿದ್ದಳು. ಶೋಭಾಳಿಗೆ ಅದೊಂದೇ ನೆನಪಾಯಿತು. ಸಭೆ ಮುಗಿಯುತ್ತಲೇ ಹೊರಗೆ ನಡೆದಳು. ಕಾಲುಗಳು ಹೊಂಗೆ ಮರದ ಕಡೆಗೇ ಹೋದವು. ಬೆಂಚಿನ ಎಡತುದಿಯಲ್ಲಿ ಕುಳಿತಾಗ ಅಳು ಬಂದೇಬಿಟ್ಟಿತು.

ಜುಂಜೇಶ್ ಹಿಂದೆಯೇ ಬಂದ.

"ಹೋಗ್ರಿ ಹೊಳಲ್ಕೆರೆಗೆ," ಅಂದಳು. "ಅಲ್ಲಿ ನಿಮಗೆ ಬೇಕಾದೋರು ಅವ್ರೆ."

"ಬೇಕಾದೋರು ಇಲ್ಲೇ ಕುಂತವ್ರೆ. ಅದಕ್ಕೇ ಅಲ್ಲಿಗೆ ಹೊಂಟಿರೋದು."

ಅವಳು ಕಣ್ಣೊರೆಸುತ್ತಿದ್ದ ಕೈ ಹಾಗೇ ನಿಂತಿತು.

ಅವನು ತಡವರಿಸುತ್ತಾ ಹೇಳಿದ. ಗಂಡ ಹೆಂಡತಿ ಒಂದೇ ಕಾರ್ಖಾನೆಯಲ್ಲಿ ಇರುವಂತಿಲ್ಲ. ಕೆಲಸ ಬಿಡು ಎಂದು ಅವಳಿಗೆ ಹೇಳುವ ಮನಸ್ಸು ಅವನಿಗಿಲ್ಲ. ಕಂಪನಿಗೂ ನಷ್ಟವಾಗದ ಹಾಗೆ ಸಾಹೇಬರಿಗೆ ಇದನ್ನು ಹೇಗೆ ಹೇಳುವುದೆಂದು ಇಷ್ಟು ದಿನ ಉಷಾಳನ್ನು ಕೇಳುತ್ತಿದ್ದ. ಹೊಸ ಜಾಗದ ಹತ್ತಿರ ಬಾಡಿಗೆ ಮನೆಗಳನ್ನೂ ನೋಡಿ ಬಂದಿದ್ದ.

ಶೋಭಾ ಕಣ್ಣೊರೆಸಿಕೊಂಡಳು. ಎದೆಯ ಭಾರ ಇಳಿಯುತ್ತಿತ್ತು... ಆದರೂ ಎಲ್ಲೋ ಸಣ್ಣ ಕಿಡಿಯೊಂದು ಉಳಿದಿತ್ತು.

"ನನಗಿಂತ ಮೊದ್ಲು ಆಯಮ್ಮನಿಗೆ ಹೇಳಿದ್ಯಾ?"

ಮೊದಲ ಸಲ ಅವಳು ಅವನನ್ನು ಏಕವಚನದಲ್ಲಿ ಕರೆದಿದ್ದಳು. ಅವನ ಮುಖ ಅರಳಿತು.

"ಹೇಳ್ಲಿಲ್ಲ. ಮೊದಲ್ನೇ ದಿನವೇ ಆಯಮ್ಮ ಹಿಡಿದುಬಿಟ್ರು. ನೀನು ಬಲಗಡೆ ಜಾಗ ಇದ್ರೂ ಕುಂತ್ಕಳ್ಳಲಿಲ್ಲವಲ್ಲ, ಅವಾಗ್ಲೇ."

ಶೋಭಾ ನಾಚಿ ತಲೆ ತಗ್ಗಿಸಿದಳು. ಆಮೇಲೆ ತಲೆ ಎತ್ತಿದಾಗ ಅವಳ ಮುಖ ಬೇರೆಯಾಗಿತ್ತು.

"ಮದ್ವೆ ನಂದು, ಕೆಲಸ ನಂದು. ನನ್ನನ್ನೇ ಕೇಳ್ದೆ ಎಲ್ಲಾ ಲೆಕ್ಕ ಹಾಕಿದ್ಯಲ್ಲ, ಇದ್ಯಾವ ಮ್ಯಾನೇಜ್‌ಮೆಂಟು? ನೀನು ಇಲ್ಲೇ ಇರು. ಇಲ್ಲಿನ ಮೆಷಿನ್ನು ನಿನ್ನ ಮಾತೇ ಕೇಳೋದು. ಹೊಸ ಕಾರ್ಖಾನೆಗೆ ಬೇಕಾಗಿರೋದು ಗಿರಾಕಿಗಳು. ಹೊಳಲ್ಕೆರೆ ನಾನು ನೋಡ್ಕಂತೀನಿ. ಸಾಹೇಬ್ರಿಗೆ ನಾನೇ ಹೇಳ್ತೀನಿ."

ಅವನು ಬೆಪ್ಪಾಗಿ ನೋಡಿದ. ಆಮೇಲೆ ಮೆಲ್ಲಗೆ ತಲೆಯಾಡಿಸಿದ. ಒಳಗೆ ಹೋಗಿ ಎರಡು ಲೋಟ ಟೀ ತಂದು ಅವಳ ಪಕ್ಕದಲ್ಲಿ ಕುಳಿತ. ಇಬ್ಬರೂ ಮರದ ನೆರಳನ್ನು ನೋಡುತ್ತಿದ್ದರು. ಟೀ ಎಂದಿನಂತೆ ಆರುತ್ತಿತ್ತು.

"ನೀನು ಅಲ್ಲಿ, ನಾನು ಇಲ್ಲಿ," ಅಂದ ಅವನು ಸಣ್ಣ ದನಿಯಲ್ಲಿ. "ಬೆಳಗಿನ ಟೀ ಎಲ್ಲಿ ಕುಡಿಯಾಣ ಶೋಭಾ?"

ಅವಳು ಅವನ ಅಂಗಿಗೆ ಮೆತ್ತಿದ್ದ ನಾರಿನ ಎಳೆಯೊಂದನ್ನು ಬಿಡಿಸಿದಳು.

"ಮನೇಲಿ."