ಲಾವಂಚದ ಲೋಟ

ದಾಕ್ಷಾಯಣಿ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿದಳು. ಅಡುಗೆಮನೆಯ ಗೂಡಿನಲ್ಲಿ ಕೂತಿದ್ದ ಋತುಜ್ಞ ಯಂತ್ರ ಮೆಲ್ಲಗೆ ಗುಯ್‌ಗುಟ್ಟಿತು. ಒಳಗೆಲ್ಲೋ ನೀರು ಕುದಿದು, ಸ್ವಲ್ಪ ಹೊತ್ತಿಗೆ ಮುಚ್ಚಳವಿದ್ದ ಲೋಟವೊಂದು ಹೊರಗೆ ಸರಿದು ಬಂತು. ಅವಳು ಮುಚ್ಚಳ ತೆಗೆದಳು. ಲಾವಂಚದ ವಾಸನೆ ಅಡುಗೆಮನೆ ತುಂಬಿ, ನಡುಮನೆ ದಾಟಿ, ಪಡಸಾಲೆಗೂ ಹೋಯಿತು. ರೊಟ್ಟಿ ಬಡಿಯುತ್ತಿದ್ದ ಅತ್ತೆ ಗುರುಸಿದ್ಧವ್ವನ ಕೈ ನಿಂತಿತು. ನೆಗೆಣ್ಣಿ ಮಹಾದೇವಿ ಒಮ್ಮೆ ಲೋಟ ನೋಡಿದಳು, ಒಮ್ಮೆ ಅತ್ತೆಯನ್ನು ನೋಡಿದಳು, ಆಮೇಲೆ ಒಲೆ ನೋಡುತ್ತ ಕೂತಳು.

ಒಂದು ಲೋಟ ಕಷಾಯಕ್ಕೆ ಇಷ್ಟೇಕೆ ಅನ್ನುತ್ತೀರಾ? ಹಾಗಾದರೆ ಯಂತ್ರದ ಸಂಗತಿ ಮೊದಲು ಹೇಳಬೇಕು.

ಕಪ್ಪತಗುಡ್ಡದ ಬುಡದ ಆ ಊರಿನಲ್ಲಿ ಆ ಕಾಲಕ್ಕೆ ಋತುಜ್ಞ ಇಲ್ಲದ ಮನೆಯೇ ಇರಲಿಲ್ಲ. ಬೆರಳಿನ ಬೆವರಿನಲ್ಲಿರುವ ಅಂತಃಸ್ರಾವಗಳನ್ನು ಅದರ ಸ್ವೇದಗ್ರಾಹಿ ಅಳೆಯುತ್ತಿತ್ತು. ಹೆಣ್ಣಿನ ದೇಹ ಬದುಕಿನ ಯಾವ ಘಟ್ಟದಲ್ಲಿದೆ ಎಂದು ಅದರಿಂದಲೇ ತಿಳಿಯುತ್ತಿತ್ತು. ಆಮೇಲೆ ಪಾಕಕೋಶವೆಂಬ ಇನ್ನೊಂದು ಭಾಗ ಬೇರು, ತೊಗಟೆ, ಬೀಜಗಳನ್ನು ಅವಳ ಮೈಗೆ ಬೇಕಾದಷ್ಟೇ ತೂಗಿ ಕುದಿಸುತ್ತಿತ್ತು. ಮೈನೆರೆದ ಹುಡುಗಿಗೆ ಎಳ್ಳಿನದು. ಮಕ್ಕಳಾಗುವ ವಯಸ್ಸಿನವರಿಗೆ ಹಲವುಮಕ್ಕಳತಾಯಿ ಬೇರಿನದು. ಬಾಣಂತಿಗೆ ಸಬ್ಬಸಿಗೆ ಬೀಜ, ಹಿಪ್ಪಲಿ. ಮುಟ್ಟು ನಿಂತು ಮೈಯೆಲ್ಲ ಉರಿಯುವವರಿಗೆ ತಂಪು ಮಾಡುವ ಲಾವಂಚ. ಹಿಂದೆ ಇದನ್ನೆಲ್ಲ ಗುಡ್ಡ ಹತ್ತಿ ಇಳಿದು ಮಾಡಿಕೊಡುತ್ತಿದ್ದವಳು ಹುಸೇನಬಿ. ಅವಳು ಕಣ್ಣು ಮುಚ್ಚುವ ಮೊದಲು ಗದಗಿನ ಪ್ರಯೋಗಾಲಯದ ಡಾ. ವಾರಿಜಾ ಕುಲಕರ್ಣಿ ಅವಳ ಹಿಂದೆಯೇ ತಿರುಗಿ ಒಂದೊಂದು ಪಾಕವನ್ನೂ ಕಲಿತು, ಯಂತ್ರಕ್ಕೆ ಕಲಿಸಿದ್ದರು.

ವಾರಿಜಾ ಬುದ್ಧಿವಂತೆ, ಮೇಲಾಗಿ ಹೆಣ್ಣು. ಮನೆಯಲ್ಲಿ ಯಾರ ಗುಟ್ಟೂ ಯಾರಿಗೂ ಗೊತ್ತಾಗಬಾರದೆಂದು ಯಂತ್ರಕ್ಕೆ ಪರದೆ ಇಡಲಿಲ್ಲ, ದನಿ ಕೊಡಲಿಲ್ಲ. ಕುಡಿದ ಮರುಗಳಿಗೆ ಅದು ಎಲ್ಲವನ್ನೂ ಮರೆಯುತ್ತಿತ್ತು. ಲೋಟದೊಳಗಿನ ಬಣ್ಣ ಕೂಡ ಹೊರಗೆ ಕಾಣುತ್ತಿರಲಿಲ್ಲ. ಆದರೆ ಮನೆಮಂದಿಗೆ ಮೂಗು ಅಂತ ಒಂದು ಇರುತ್ತದಲ್ಲ! ಒಂದೆರಡು ತಿಂಗಳು ಕಳೆಯುವುದರೊಳಗೆ ಯಾವ ವಾಸನೆ ಯಾರದೆಂದು ದನ ಕಟ್ಟುವವನಿಗೂ ಗೊತ್ತಾಗಿತ್ತು. ಗಡಿಗೆಯ ಬಾಯಿ ಕಟ್ಟಬಹುದು, ವಾಸನೆಗೆ ಎಲ್ಲಿ ಗಂಟು ಹಾಕುತ್ತೀರಿ?

ಆ ಮನೆಯಲ್ಲಿ ಲಾವಂಚದ ಲೋಟ ಗುರುಸಿದ್ಧವ್ವನೊಬ್ಬಳದೇ ಆಗಿತ್ತು. ಅವಳಿಗೆ ಅರವತ್ತರ ಹತ್ತಿರ. ದಾಕ್ಷಾಯಣಿಗೆ ಮೂವತ್ತಮೂರು. ಮಡಿಲು ತುಂಬಲೆಂದು ಹರಕೆ ಹೊತ್ತು ಕಾಯುತ್ತಿದ್ದವಳು. ಕೆಲವು ತಿಂಗಳಿಂದ ಮುಟ್ಟಾಗದಿದ್ದಾಗ, ಪಾಪ, ಒಳಗೊಳಗೇ ಹಿಗ್ಗಿದ್ದಳು. ಯಾರಿಗೂ ಹೇಳಿರಲಿಲ್ಲ. ಈಗ ಯಂತ್ರ ಬೇರೆಯದನ್ನೇ ಹೇಳಿತ್ತು, ಅದೂ ಎಲ್ಲರೆದುರು.

ಗಂಡ ಚನ್ನವೀರ ಗುಡ್ಡದ ಗಾಳಿಯಂತ್ರಗಳ ರಿಪೇರಿ ಮೇಸ್ತ್ರಿ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ, ಅಂದು ಸಂಜೆ ಬರುವವನಿದ್ದ. ದಾಕ್ಷಾಯಣಿಗೆ ಈಗ ಬೇಕಾಗಿದ್ದುದು ಒಂದೇ. ಸುದ್ದಿ ಸುಳ್ಳಾದರೆ ಸಂತೋಷ. ನಿಜವೇ ಆದರೆ ಅದನ್ನು ಅವನಿಗೆ ತಾನೇ ಹೇಳಬೇಕು, ತನ್ನ ಬಾಯಿಂದಲೇ, ಬೇರೆ ಯಾರೂ ಹೇಳುವ ಮೊದಲು. ಫೋನಿನಲ್ಲಿ ಹೇಳುವ ಮಾತೇ ಅದು? ತವರಿಗೆ ಹೋಗಿಬರುತ್ತೇನೆ ಎಂದು ಅತ್ತೆಗೆ ಹೇಳಿ ಅವಳು ವಾರಿಜಾರನ್ನು ಕಾಣಲು ಗದಗಿನ ಬಸ್ಸು ಹತ್ತಿದಳು. ಗುರುಸಿದ್ಧವ್ವ ಹ್ಞೂಂ ಅಂದಳು, ಮುಖ ಮಾತ್ರ ಎತ್ತಲಿಲ್ಲ.

ವಾರಿಜಾ ಅವಳನ್ನು ಕೂರಿಸಿ, ನೀರು ಕೊಟ್ಟು, ಪ್ರಯೋಗಾಲಯದ ದೊಡ್ಡ ಯಂತ್ರದ ಮೇಲೆ ಬೆರಳಿಡಿಸಿದರು. ರಕ್ತವನ್ನೂ ತೆಗೆದು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಎರಡರ ಉತ್ತರವೂ ಬಂತು. ಯಂತ್ರ ತಪ್ಪಿರಲಿಲ್ಲ. ಸಾವಿರ ಹೆಂಗಸರಲ್ಲಿ ಕೆಲವರಿಗೆ ಹೀಗೆ ಬೇಗ ಮುಟ್ಟು ನಿಲ್ಲುತ್ತದೆ, ಇದು ಯಾರ ತಪ್ಪೂ ಅಲ್ಲ ಎಂದು ವಾರಿಜಾ ನಿಧಾನವಾಗಿ ತಿಳಿಸಿ ಹೇಳಿದರು. ದಾಕ್ಷಾಯಣಿ ತಲೆ ಅಲ್ಲಾಡಿಸುತ್ತ ಕೇಳಿದಳು. ಅತ್ತಳು ಕೂಡ, ಸೆರಗು ಬಾಯಿಗೊತ್ತಿಕೊಂಡು. ಆಮೇಲೆ ಕಣ್ಣೊರೆಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದಳು.

“ಅಲ್ರೀ ಡಾಕ್ಟರ, ಹುಸೇನಬಿ ಕೊಡತಿದ್ದ ಕಷಾಯ ಎಲ್ಲಾರದೂ ಒಂದ ವಾಸನಿ ಬರತಿತ್ತು. ನಮ್ಮವ್ವಂದೂ ಹಂಗ, ನಂದೂ ಹಂಗ. ನಿಮ್ಮದ್ಯಾಕ ಬ್ಯಾರೆ ಬ್ಯಾರೆ?”

ವಾರಿಜಾ ವಿವರಿಸಿದರು. ಹುಸೇನಬಿ ಪ್ರತಿಯೊಂದು ಗಡಿಗೆಗೂ ಒಂದು ಹಿಡಿ ಹುರಿದ ಅಜವಾನ, ಅದೇ ಓಮಿನ ಕಾಳು, ಹಾಕುತ್ತಿದ್ದಳು. ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಆ ಕಷಾಯಗಳಲ್ಲಿ ಅಜವಾನದಿಂದ ಯಾವ ಉಪಯೋಗವೂ ಕಾಣಲಿಲ್ಲ. ಆದ್ದರಿಂದ ಪಾಕವನ್ನು ಶುದ್ಧಗೊಳಿಸುವಾಗ ಅದನ್ನು ತೆಗೆದುಹಾಕಲಾಯಿತು. ಯಾಕೆ ಹಾಕುತ್ತೀಯೆಂದು ಕೇಳಿದ್ದಕ್ಕೆ ಮುದುಕಿ ನಕ್ಕು, ಇರಲಿ ಬಿಡವ್ವ, ತುಂಬಿದ ಮನ್ಯಾಗ ಬೇಕಾಗತದ ಅಂದಿದ್ದಳು. ರೂಢಿಯ ಮಾತು ಅಂದುಕೊಂಡೆ, ಎನ್ನುವಷ್ಟರಲ್ಲಿ ವಾರಿಜಾ ಮಾತು ನಿಲ್ಲಿಸಿದರು. ಇಷ್ಟು ವರ್ಷ ತಲೆಗೆ ಹೊಳೆಯದ್ದು ಈಗ, ಹೇಳುತ್ತ ಹೇಳುತ್ತಲೇ, ಹೊಳೆದುಬಿಟ್ಟಿತ್ತು.

“ಅದು ಔಷಧಕ್ಕೆ ಹಾಕಿದ್ದಲ್ಲ,” ಎಂದರು ಮೆಲ್ಲಗೆ. “ಮುಚ್ಚೋದಕ್ಕೆ ಹಾಕಿದ್ದು.”

ಹಾಗಾದರೆ ಇನ್ನು ಮೇಲಾದರೂ ಹಾಕಿರಲ್ಲ ಎಂದು ದಾಕ್ಷಾಯಣಿ ಕೇಳಿದಳು. ನ್ಯಾಯವಾದ ಮಾತೇ. ಆದರೆ ಪಾಕ ಬದಲಿಸಬೇಕಾದರೆ ಔಷಧ ಮಂಡಳಿ ಒಪ್ಪಬೇಕು. ಗುಣವಿಲ್ಲದ ಯಾವ ಪದಾರ್ಥವನ್ನೂ ಯಂತ್ರಕ್ಕೆ ಸೇರಿಸಬಾರದೆಂಬುದು ಮಂಡಳಿಯ ನಿಯಮ. ಆ ನಿಯಮಕ್ಕಾಗಿ ಹಟ ಹಿಡಿದು ಹೋರಾಡಿದವರು, ನೋಡಿ, ಇದೇ ವಾರಿಜಾ. ಕಲಬೆರಕೆ ಮಾಡುವವರನ್ನು ತಡೆಯಲು ಹಾಕಿದ ಬೇಲಿ ಈಗ ಅವರನ್ನೇ ಹೊರಗೆ ನಿಲ್ಲಿಸಿತ್ತು. ಬರೆಯುತ್ತೇನೆ, ಹೋರಾಡುತ್ತೇನೆ, ವರ್ಷವಾದರೂ ಆಗುತ್ತದೆ ಎಂದರು. ಅಲ್ಲಿಯವರೆಗೆ ನೀವೇ ಲೋಟಕ್ಕೆ ಒಂದಿಷ್ಟು ಅಜವಾನ ಉದುರಿಸಿಕೊಳ್ಳಿ ಎಂದೂ ಅಂದರು. ಅಂದ ಮೇಲೆ ಅವರಿಗೇ ನಾಚಿಕೆಯಾಯಿತು. ಮನೆಯಲ್ಲಿ ಒಬ್ಬಳೇ ಅಜವಾನ ಹಾಕಿಕೊಂಡರೆ, ಮುಚ್ಚಿಡುವುದು ಏನೋ ಇದೆ ಎಂದು ಡಂಗುರ ಹೊಡೆದಂತೆಯೇ.

“ನನಗೆ ಏನೂ ಮಾಡೋಕಾಗ್ತಿಲ್ಲಮ್ಮ,” ಎಂದರು ವಾರಿಜಾ. ಅಷ್ಟು ಓದಿದವರು, ಇಷ್ಟು ಹೇಳುವುದಕ್ಕೆ ತಡವರಿಸಿದರು. ದಾಕ್ಷಾಯಣಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ದಾರಿಯುದ್ದಕ್ಕೂ ಅವಳು ಗಂಡನಿಗೆ ಹೇಳುವ ಮಾತು ಜೋಡಿಸಿದಳು. ಮೊದಲು ಊಟಕ್ಕೆ ಬಡಿಸಬೇಕು. ಆಮೇಲೆ ಹಿತ್ತಲಿಗೆ ಕರೆಯಬೇಕು. ಗಾಬರಿಯಾಗಬೇಡಿರಿ ಎಂದು ಶುರುಮಾಡಬೇಕು. ಹಾಗೆ ಶುರುಮಾಡಿದರೆ ಗಾಬರಿಯಾಗದವನಿಗೂ ಗಾಬರಿಯಾದೀತು ಅನ್ನಿಸಿ ಅದನ್ನು ಬಿಟ್ಟಳು. ಕೊನೆಗೆ, ನಮಗ ಕೂಸು ಆಗೂದಿಲ್ರೀ, ನಾವಿಬ್ಬರೂ ಇದ್ದೀವಲ್ಲ, ಎಂಬ ಮಾತು ಸರಿಯೆನಿಸಿತು. ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಊರು ಮುಟ್ಟಿದಳು. ದುಃಖವಂತೂ ಹೋಗುವಂಥದ್ದಲ್ಲ, ಆದರೆ ಆ ಮಾತೊಂದಾದರೂ ತನ್ನದು ಎಂಬ ಧೈರ್ಯವಿತ್ತು.

ಚನ್ನವೀರ ಮುಂಚೆಯೇ ಬಂದಿದ್ದ. ಪಡಸಾಲೆಯಲ್ಲಿ ಕೂತಿದ್ದವನು ಅವಳನ್ನು ಕಂಡು ಎದ್ದು ನಿಂತ. ಹೆಂಡತಿ ಬಂದಳೆಂದು ಯಾವತ್ತೂ ಎದ್ದವನಲ್ಲ. ಗುರುಸಿದ್ಧವ್ವ ಹತ್ತಿರ ಬಂದು ಸೊಸೆಯ ತಲೆ ಸವರಿದಳು. ಆ ಕೈಯಲ್ಲಿ ಕಹಿಯಿರಲಿಲ್ಲ, ಕನಿಕರವೇ ಇತ್ತು. ಹೇಳೋ ಸಂಕಟ ನಿನಗ ಬ್ಯಾಡ ಅಂತ ನಾನ ಹೇಳೀನಿ, ಎಂದು ಮುದುಕಿ ಪಿಸುಗುಟ್ಟಿ ಒಳಗೆ ಹೋದಳು. ಮಗಳಿಗಾಗಿ ತಾಯಿ ಮಾಡುವುದನ್ನೇ ಅವಳು ಸೊಸೆಗಾಗಿ ಮಾಡಿದ್ದಳು. ಅವಳನ್ನು ಹೇಗೆ ಬೈಯುವುದು?

ದಾಕ್ಷಾಯಣಿ ಗಂಡನನ್ನು ಹಿತ್ತಲಿಗೆ ಕರೆದಳು. ಅವನು ಬಂದ.

“ನನಗ ಗೊತ್ತಾಗೇತಿ, ದಾಕ್ಷಾಣಿ. ನೀ ಏನೂ ಹೇಳಬ್ಯಾಡ.”

“ಹೇಳತೀನ್ರಿ. ನಿಮಗ ಗೊತ್ತಿಲ್ಲ ಅಂತ ತಿಳಕೊಂಡು ಕುಂಡ್ರಿ.”

ಒಳ್ಳೆಯ ಗಂಡಸು, ಕೂತ. ಒಗೆಯುವ ಕಲ್ಲಿನ ಮೇಲೆ ಕೂತು, ಏನೂ ಅರಿಯದವನ ಹಾಗೆ ಮುಖ ಮಾಡಿಕೊಂಡು, ಏನಾತು ಎಂದು ಕೇಳಿದ. ಅವಳು ಬಾಯಿ ತೆರೆದಳು. ಮೊದಲ ಮಾತು ಹೊರಡುವ ಮುಂಚೆಯೇ ಅವನ ಕಣ್ಣು ತುಂಬಿ ಹರಿಯಿತು.