ಐವತ್ಮೂರು ನಿಮಿಷ ದೂರದ ಪೊಲೀಸ್

ಕೊಡಲಿ ಮೂರನೆಯ ಸಲ ಬಾಗಿಲಿಗೆ ಬಿತ್ತು.

ಈ ಸಲ ಅದರ ಅಲಗು ಒಳಗಡೆ ಕಾಣಿಸಿತು. ಎರಡು ಇಂಚು ಉಕ್ಕು. ಹೊರಗಿದ್ದವನು ಅದನ್ನು ಅಲ್ಲಾಡಿಸಿ ಕಿತ್ತುಕೊಂಡ. ಸೀಳಿನಿಂದ ಹನ್ನೊಂದು ಗಂಟೆಯ ಬಿಸಿಲು ಒಳಕ್ಕೆ ಬಂತು.

ಲೋರ್ನಾ ಪ್ರೂಯಿಟ್ ಅಡುಗೆಮನೆಯ ನೆಲದ ಮೇಲೆ, ದೊಡ್ಡ ಫ್ರೀಜರ್‌ಗೆ ಬೆನ್ನು ಕೊಟ್ಟು ಕೂತಿದ್ದಳು. ಕಿವಿಯಲ್ಲಿ ಫೋನು. 911ಕ್ಕೆ ಕರೆ ಮಾಡಿ ಎರಡು ನಿಮಿಷವಾಗಿತ್ತು. ಸ್ಪೀಕರ್ ಹಾಕು ಎಂದು ಸನ್ನೆ ಮಾಡಿದೆ.

"ಡೆಪ್ಯುಟಿ ಹೊರಟಿದಾನೆ, ಲೋರ್ನಾ. ನಾನು ಲೈನಲ್ಲೇ ಇದೀನಿ."

ಕರೆ ಕೇಂದ್ರದ ನಡೀನ್ ಫಾಸ್. ನಾನು ಇಪ್ಪತ್ತೆರಡು ವರ್ಷ ಕೇಳಿದ ದನಿ.

"ಎಷ್ಟೊತ್ತು?" ನಾನು ಕೇಳಿದೆ.

ನಡೀನ್ ಸುಳ್ಳು ಹೇಳುವ ಹೆಂಗಸಲ್ಲ.

"ಐವತ್ಮೂರು ನಿಮಿಷ, ಹಾಲಿಸ್."

ಆ ಬಾಗಿಲಿಗೆ ಐದು ನಿಮಿಷದ ಆಯುಸ್ಸೂ ಇರಲಿಲ್ಲ.

ನನ್ನ ಪಿಸ್ತೂಲು? ಅದು ಪಿಕಪ್ಪಿನಲ್ಲಿತ್ತು. ಅಂಗಳದಾಚೆ... ನಲವತ್ತು ಹೆಜ್ಜೆ ದೂರ!

ಅಲ್ಲಿ ಯಾಕಿತ್ತು ಎಂದು ಕೇಳುತ್ತೀರಿ. ಕೇಳಿ. ನನ್ನನ್ನು ನಾನು ದಿನಾ ಬೈದುಕೊಳ್ಳುವುದು ಅದಕ್ಕೇ.

ನಾನು ಹಾಲಿಸ್ ಬ್ರಾಂಟ್. ಆರೆಗನ್ ರಾಜ್ಯದ ಪೂರ್ವದಂಚಿನ ಈ ಒಣ ಕೌಂಟಿಯಲ್ಲಿ ಶೆರಿಫನ ಕೈಕೆಳಗೆ ಪೊಲೀಸ್ ಡೆಪ್ಯುಟಿಯಾಗಿದ್ದವನು. ನಿವೃತ್ತಿಯಾದ ಮೇಲೆ ಕೋರ್ಟಿನ ಕಾಗದಗಳನ್ನು ಜನರ ಕೈಗೆ ಮುಟ್ಟಿಸುವ ಕೆಲಸ. ಆರು ದಿನದ ಹಿಂದೆ ಅಂಥದೊಂದು ಕಾಗದವನ್ನು ವೇಡ್ ಲಾಕೆಟ್ ಎಂಬವನ ಕೈಗೆ ಕೊಟ್ಟಿದ್ದೆ. ಲೋರ್ನಾಳ ಮಾಜಿ ಗಂಡ. ಅವಳ ಮನೆಯ ಐನೂರು ಅಡಿಯೊಳಗೆ ಸುಳಿಯಬಾರದು ಎಂದು ಆದೇಶ. ಅವನು ಓದಿದ. ಮಡಿಸಿದ. ಅದರಿಂದಲೇ ಹಲ್ಲು ಚುಚ್ಚಿಕೊಂಡ.

ಅದೇ ಸಂಜೆ ಲೋರ್ನಾ ನನ್ನ ಮನೆಗೆ ಬಂದಳು. ಶಾಲೆಯ ಬಸ್ಸು ಓಡಿಸುವವಳು. ಮೂವತ್ತು ಮಕ್ಕಳನ್ನು ಹಿಮದ ರಸ್ತೆಯಲ್ಲಿ ಕೂದಲೂ ಕೊಂಕದಂತೆ ಮನೆಗೆ ಮುಟ್ಟಿಸುವವಳು. ಸುಮ್ಮಸುಮ್ಮನೆ ಹೆದರುವ ಪೈಕಿಯವಳಲ್ಲ. ಒಂದೇ ಪ್ರಶ್ನೆ ಕೇಳಿದಳು. ಪಿಸ್ತೂಲು ತಗೊಳ್ಳಲೋ ಬೇಡವೋ?

ಬೇಡ ಎಂದೆ.

ನನಗೆ ಕಾರಣಗಳಿದ್ದವು. ಮನೆಯೊಳಗಿನ ಜಗಳದಲ್ಲಿ ಪಿಸ್ತೂಲು ಕೊನೆಗೆ ಬಲ ಜಾಸ್ತಿ ಇದ್ದವನ ಕೈ ಸೇರಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹೆಣಗಳನ್ನು ಎತ್ತಿದ್ದೆ. ಫೋನು ಹತ್ತಿರ ಇಟ್ಟುಕೋ, 911 ಒತ್ತು, ಲೈನು ಬಿಡಬೇಡ, ಉಳಿದದ್ದು ನಮ್ಮವರು ನೋಡಿಕೊಳ್ಳುತ್ತಾರೆ ಎಂದು ಪಾಠ ಹೇಳಿದೆ. ಅವಳು ನಂಬಿದಳು.

ನಮ್ಮವರು! ಈ ಭಾಗದ ಠಾಣೆಗೆ ಬೀಗ ಬಿದ್ದು ನಾಲ್ಕು ವರ್ಷವಾಗಿತ್ತು. ಅದು ನನಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಅದರ ಮುಂದೆಯೇ ನಿತ್ಯ ಓಡಾಡುತ್ತಿದ್ದೆ. ಆದರೂ ಹಳೆಯ ಯೂನಿಫಾರ್ಮಿನ ಗತ್ತಿನಲ್ಲಿ ಬಾಯಿ ತಾನಾಗಿ ಮಾತಾಡಿತು.

ಈ ಬೆಳಿಗ್ಗೆ ಬಸ್ ಡಿಪೋದ ಹತ್ತಿರ ವೇಡ್‌ನ ಗಾಡಿ ಕಂಡಿತೆಂದು ಅವಳು ಫೋನು ಮಾಡಿದಳು. ಬಾಗಿಲಿನ ಬೀಗ ಬದಲಿಸಿಕೊಡುತ್ತೇನೆಂದು ಬಂದೆ. ಪಿಸ್ತೂಲು ಸೊಂಟದಲ್ಲೇ ಇತ್ತು. ಗಾಡಿ ಇಳಿಯುವಾಗ ನಾಚಿಕೆಯಾಯಿತು. ಅವಳಿಗೆ ಬೇಡವೆಂದವನು ನಾನೇ ಸಿಕ್ಕಿಸಿಕೊಂಡು ಒಳಗೆ ಹೋಗುವುದೆ? ತೆಗೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟೆ.

ಸ್ಕ್ರೂ ಬಿಚ್ಚುವಷ್ಟರಲ್ಲಿ ಹೊರಗೆ ಕೊಡಲಿಯ ಮೊದಲ ಏಟು ಬಿದ್ದಿತ್ತು.

ನಾಲ್ಕನೆಯ ಏಟಿಗೆ ಬಾಗಿಲಿನ ಒಂದು ಹಲಗೆ ಮುರಿದು ಒಳಕ್ಕೆ ಬಿತ್ತು. ಫ್ರೀಜರನ್ನು ಬಾಗಿಲಿಗೆ ಅಡ್ಡ ತಳ್ಳುವಂತೆ ಲೋರ್ನಾಗೆ ಹೇಳಿದೆ. ಹಿಂದಿನ ಕಿಟಕಿಯಿಂದ ಹಾರಿದೆ. ಮೊಣಕಾಲು ಕಟಕ್ಕೆಂದಿತು. ಬಗ್ಗಿ ಓಡಿದೆ. ಕೋಳಿಗೂಡು ದಾಟಿದೆ. ಪಿಕಪ್ ತಲುಪಿದೆ.

ಗಾಡಿಯ ಗಾಜು ಪುಡಿಯಾಗಿತ್ತು.

ಖಾನೆ ತೆರೆದಿತ್ತು. ಖಾಲಿ!

ಕೊಡಲಿಯ ಸದ್ದು ನಿಂತಿತು.

"ಇದನ್ನ ಹುಡುಕ್ತಿದೀಯಾ, ಮುದಿಯಾ?"

ವೇಡ್ ಜಗಲಿಯ ಮೆಟ್ಟಿಲ ಮೇಲೆ ನಿಂತಿದ್ದ. ಕೊಡಲಿ ಕಾಲ ಬಳಿ. ಕೈಯಲ್ಲಿ ನನ್ನ ಪಿಸ್ತೂಲು. ಬಾಗಿಲಿಗೆ ಬರುವ ಮುಂಚೆಯೇ ನನ್ನ ಗಾಡಿ ಜಾಲಾಡಿದ್ದ. ಪ್ರತಿ ವಾರ ಎಣ್ಣೆ ಹಾಕಿ ಒರೆಸಿ, ಎಂಟು ಗುಂಡು ತುಂಬಿ, ಅವನಿಗೆಂದೇ ತಂದು ಕೊಟ್ಟಂತಾಗಿತ್ತು.

ಮೊದಲ ಗುಂಡು ಗಾಡಿಯ ಕನ್ನಡಿ ಒಡೆಯಿತು. ಎರಡನೆಯದು ನನ್ನ ಮೀನಖಂಡದ ಮಾಂಸ ಹರಿದುಕೊಂಡು ಹೋಯಿತು. ನೋವು ಆಮೇಲೆ ಬಂತು. ಮೊದಲು ಬಂದದ್ದು ಕೋಪ. ಕುಂಟುತ್ತಾ, ತೆವಳುತ್ತಾ ಸಿಕ್ಕ ಮೊದಲ ಮರೆಗೆ ಹೋಗಿ ಬಿದ್ದೆ. ತಲೆಯೆತ್ತಿ ನೋಡಿದರೆ... ಮನೆಯ ಗ್ಯಾಸ್ ಟ್ಯಾಂಕು. ಐನೂರು ಗ್ಯಾಲನ್ನಿನದು!

ಬೂಟಿನ ಸದ್ದು ಹತ್ತಿರವಾಯಿತು. ಅವನಿಗೆ ಅವಸರವಿರಲಿಲ್ಲ. ಪೊಲೀಸರು ಎಷ್ಟು ದೂರದಲ್ಲಿದ್ದಾರೆಂದು ಈ ಕೌಂಟಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಇಂಥವರಿಗೇ. ಎಪ್ಪತ್ತು ಮೈಲಿ ಆಚೆ ದನದ ಲಾರಿ ಮಗುಚಿದೆಯಂತೆ, ಇರುವ ಒಬ್ಬ ಡೆಪ್ಯುಟಿ ಅಲ್ಲಿ ದನ ಅಟ್ಟುತ್ತಿದ್ದಾನಂತೆ ಎಂದು ಅವನೇ ನನಗೆ ವರದಿ ಒಪ್ಪಿಸಿದ. ಪೊಲೀಸರ ರೇಡಿಯೋ ಮಾತು ಕೇಳಿಕೊಂಡೇ ಬಂದಿದ್ದ.

ಟ್ಯಾಂಕು ಸುತ್ತಿ ಬಂದು ನನ್ನ ಹಣೆಗೆ ಗುರಿಯಿಟ್ಟ.

"ವೇಡ್, ನಾನಿಲ್ಲಿದೀನಿ."

ಲೋರ್ನಾ. ಜಗಲಿಯ ಮೇಲೆ. ಫ್ರೀಜರ್ ಸರಿಸಿ, ಮುರಿದ ಬಾಗಿಲಿನಿಂದ ತಾನಾಗಿ ಹೊರಬಂದಿದ್ದಳು. ಬರಿಗೈ. ಗೋಡೆ ಹಿಡಿದುಕೊಂಡು ನಿಂತಿದ್ದಳು.

"ಅವರನ್ನ ಬಿಡು. ನಿಂಗೆ ಬೇಕಾಗಿರೋದು ನಾನು ತಾನೆ?"

ಅವನು ಅವಳ ಕಡೆ ತಿರುಗಿದ. ಪಿಸ್ತೂಲೂ ತಿರುಗಿತು. ನಾನು ಅವನ ಕಾಲಿಗೆ ಕೈಹಾಕಿದೆ. ಮುಖಕ್ಕೆ ಒದ್ದ. ಬಾಯಲ್ಲಿ ರಕ್ತ, ಮಣ್ಣು.

ಆಗ ರಸ್ತೆಯಲ್ಲಿ ಧೂಳೆದ್ದಿತು.

ಡೆಪ್ಯುಟಿ ಎಂದುಕೊಂಡೆ. ಅಲ್ಲ. ಕುರಿ ಸಾಗಿಸುವ ಹಳೆಯ ಹಸಿರು ಗಾಡಿ. ಗೇಟನ್ನು ಗುದ್ದಿಕೊಂಡೇ ಒಳಗೆ ಬಂತು. ಇಳಿದವಳು ಮೈತೆ ಎಚರೆನ್. ಎರಡು ಮೈಲಿ ಆಚೆ, ವಲಸೆ ಬಂದು ನೆಲೆಸಿದ ಬಾಸ್ಕ್ ಕುರಿಗಾರರ ಮನೆಯವಳು. ಎಪ್ಪತ್ತೊಂದು ವರ್ಷ. ಏಪ್ರನ್ನಿನ ಮೇಲೆ ಹಿಟ್ಟು. ಕೈಯಲ್ಲಿ ತೋಳಗಳನ್ನು ಓಡಿಸುವ ಜೋಡಿನಳಿಗೆ ಬಂದೂಕು.

"ಅದನ್ನ ಕೆಳಗಿಡು, ವೇಡ್."

"ಮನೆಗೆ ಹೋಗಜ್ಜಿ. ಇದು ಗಂಡ-ಹೆಂಡ್ತಿ ವಿಷ್ಯ."

"ನೀನು ಗಂಡ ಅಲ್ಲ ಅಂತ ಜಡ್ಜೇ ಬರ್ಕೊಟ್ಟಿದಾನೆ. ಎರಡ್ನೇ ಸಲ ಹೇಳ್ತಿದೀನಿ, ಕೆಳಗಿಡು. ಮೂರ್ನೇ ಸಲ ಹೇಳೋ ಅಭ್ಯಾಸ ನಂಗಿಲ್ಲ."

ಅವನು ನಕ್ಕ. ಪಿಸ್ತೂಲು ಅವಳ ಕಡೆ ಎತ್ತಿದ.

ಮೂರನೆಯ ಸಲ ಅವಳು ಹೇಳಲಿಲ್ಲ.

ವೇಡ್ ಸಾಯಲಿಲ್ಲ. ಬಲಭುಜ ಹೋಯಿತು. ಈಗ ಜೈಲಿನ ಆಸ್ಪತ್ರೆಯಲ್ಲಿ ಎಡಗೈಯಲ್ಲಿ ಉಣ್ಣಲು ಕಲಿಯುತ್ತಿದ್ದಾನಂತೆ. ಮೈತೆ ಪಿಸ್ತೂಲನ್ನು ಕಾಲಿನಿಂದ ದೂರ ತಳ್ಳಿದಳು. ಏಪ್ರನ್ ಬಿಚ್ಚಿ ಅವನ ಗಾಯಕ್ಕೆ ಒತ್ತಿ ಹಿಡಿದಳು. ರಕ್ತ ನಿಂತ ಮೇಲೆ ಗಾಡಿಯ ಹಿಂದೆ ಹೋಗಿ ವಾಂತಿ ಮಾಡಿದಳು. ಲೋರ್ನಾ ಅವಳ ಬೆನ್ನು ಸವರುತ್ತಾ ನಿಂತಳು.

ಡೆಪ್ಯುಟಿ ಬಂದದ್ದು ಸರಿಯಾಗಿ ಐವತ್ಮೂರನೆಯ ನಿಮಿಷಕ್ಕೆ. ಚಿಕ್ಕ ವಯಸ್ಸಿನವನು. ಅಂಗಿಯೆಲ್ಲ ಬೆವರು. ಕ್ಷಮಿಸಿ ಎಂದ. ಅವನ ಮುಖಕ್ಕೊಂದು ಬಿಗಿಯಬೇಕೆನಿಸಿತು. ಗಂಟೆಗೆ ಎಂಬತ್ತು ಮೈಲಿ ವೇಗದಲ್ಲಿ ಬಂದಿದ್ದ ಪಾಪದವನು. ಬಿಗಿಯಬೇಕಾದ ಮುಖಗಳು ಬೇರೆ ಇದ್ದವು.

ಅವು ಸಿಕ್ಕಿದ್ದು ಎರಡು ವಾರದ ಮೇಲೆ. ಶಾಲೆಯ ಜಿಮ್ಮಿನಲ್ಲಿ, ಕೌಂಟಿಯ ಆಡಳಿತ ನಡೆಸುವ ಕಮಿಷನರುಗಳ ಸಭೆ. ಎಡಗಡೆ, ಬಂದೂಕಿದ್ದರೆ ಪ್ರಾಣ ಉಳಿಯುತ್ತದೆ ಎಂದು ಮೈತೆಯ ಫೋಟೋ ಹಿಡಿದವರು. ಅವಳನ್ನು ಕೇಳದೆಯೇ ಅಂಗಿಯ ಮೇಲೆ ಛಾಪಿಸಿಕೊಂಡಿದ್ದರು. ಬಲಗಡೆ, ಹಾಲಿಸ್‌ಗೆ ಗುಂಡು ಬಿದ್ದದ್ದೇ ಅವನ ಪಿಸ್ತೂಲಿನಿಂದ ಎಂದು ಬೋರ್ಡು ಹಿಡಿದವರು. ಇಬ್ಬರೂ ಹೇಳುವುದು ನಿಜ. ಇಬ್ಬರನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಬೇಕು ಅನ್ನುವಷ್ಟು ಸಿಟ್ಟು ನನಗೆ.

ಆಮೇಲೆ ಕಮಿಷನರುಗಳು ಒಂದು ಕರೆಯ ರೆಕಾರ್ಡಿಂಗ್ ಹಾಕಿದರು. ಆವತ್ತು ನಡೀನ್ ಇನ್ನೊಂದು ಲೈನಿನಿಂದ ಮೈತೆಗೆ ಮಾಡಿದ ಕರೆ.

"ಮೈತೆ, ಲೋರ್ನಾ ಮನೆಗೆ ವೇಡ್ ನುಗ್ತಿದಾನೆ. ಡೆಪ್ಯುಟಿ ದೂರ ಇದಾನೆ. ನಿಮಗೆ ಅಲ್ಲಿಗೆ ಹೋಗಿ ಅಂತ ನಾನು ಹೇಳ್ತಿಲ್ಲ. ಹೇಳೋ ಹಾಗಿಲ್ಲ."



"ಅರ್ಥ ಆಯ್ತು. ಫೋನಿಡು."

ಅಧ್ಯಕ್ಷ ನಿಯಮ ಓದಿದ. ಸಾಮಾನ್ಯ ನಾಗರಿಕರನ್ನು ಅಪಾಯದ ಜಾಗಕ್ಕೆ ಕಳಿಸುವಂತಿಲ್ಲ. ಅದು ಗಂಭೀರ ತಪ್ಪು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಪ್ರಾಣ ಉಳಿಸಿದ್ದು ಫೋನೋ ಬಂದೂಕೋ, ಒಂದೇ ಮಾತಲ್ಲಿ ಹೇಳಿ ಎಂದ.

ಊರುಗೋಲು ಊರಿ ಎದ್ದೆ.

"ನಿಯಮ ಮುರಿದ ಒಬ್ಬ ಹೆಂಗಸು ಉಳಿಸಿದ್ದು. ನೀವು ಬೀಗ ಹಾಕಿದ ಠಾಣೆ ಲೋರ್ನಾ ಮನೆಯಿಂದ ಒಂಬತ್ತೇ ಮೈಲಿ. ಅದನ್ನ ಯಾವಾಗ ತೆಗಿತೀರಿ?"

"ಅದು ಇವತ್ತಿನ ಅಜೆಂಡಾದಲ್ಲಿಲ್ಲ," ಎಂದ ಅಧ್ಯಕ್ಷ.

ಹೊರಗೆ ಲೋರ್ನಾ ನನ್ನ ಗಾಡಿಯ ಬಳಿ ನಿಂತಿದ್ದಳು. ತಾನೂ ಒಂದು ಬಂದೂಕು ತಗೊಂಡೆ, ಪ್ರತಿ ಭಾನುವಾರ ಮೈತೆ ಕಲಿಸುತ್ತಿದ್ದಾಳೆ ಎಂದಳು. ಮೈತೆಗೇ ಈಗ ಅದನ್ನು ಮುಟ್ಟಲು ಮನಸ್ಸಿಲ್ಲವಂತೆ. ಆದರೂ ಕಲಿಸುತ್ತಾಳೆ. ಸರಿಯೋ ತಪ್ಪೋ ಎಂದು ಲೋರ್ನಾ ಈ ಸಲ ನನ್ನನ್ನು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಕೌಂಟಿ ಕಚೇರಿಯಿಂದ ನನಗೆ ಒಂದು ಲಕೋಟೆ ಬಂತು. ಕೈಯಾರೆ ತಲುಪಿಸಬೇಕು, ಸಹಿ ತರಬೇಕು. ಹೆಸರು ನೋಡಿದೆ. ಹರಿದು ಹಾಕಬೇಕೆನಿಸಿತು. ನಾನಲ್ಲದಿದ್ದರೆ ಬೇರೆ ಯಾವನೋ ಅಪರಿಚಿತ ಅವಳ ಬಾಗಿಲು ತಟ್ಟುತ್ತಾನೆ. ಎರಡು ಬೀದಿ ಆಚೆಯ ಅವಳ ಮನೆಗೆ ಕುಂಟುತ್ತಾ ಹೋದೆ.

ನಡೀನ್ ಜಗಲಿಯಲ್ಲಿ ಕೂತು ಸೇಬು ಹೆಚ್ಚುತ್ತಿದ್ದಳು. ಕೈ ಒರೆಸಿಕೊಂಡು ಓದಿದಳು. ಮೂವತ್ತೊಂದು ವರ್ಷದ ಕೆಲಸ, ನಾಲ್ಕು ಸಾಲಿನಲ್ಲಿ ಮುಗಿದಿತ್ತು. ಕಣ್ಣು ಒದ್ದೆಯಾಗಲಿಲ್ಲ. ಕೆಳಗೆ ಆದೇಶಕ್ಕೆ ಸಹಿಯಾದ ಹೊತ್ತು ಬರೆದಿತ್ತು. ಅವಳು ತನ್ನ ವಾಚು ನೋಡಿಕೊಂಡಳು.

"ಇಪ್ಪತ್ತೇ ನಿಮಿಷ, ಹಾಲಿಸ್," ಎಂದಳು. "ಪರವಾಗಿಲ್ಲ. ಕೌಂಟಿ ಮನಸ್ಸು ಮಾಡಿದ್ರೆ ಬೇಗ್ನೇ ಬರತ್ತೆ."